ನಾಗಲಕ್ಷ್ಮಿ ಬರೆದದ್ದು

ವಿದ್ವಾಂಸರ ಸನ್ಮಾನ ಸಮಾರಂಭದಲ್ಲಿ ಭಾಮತಿಯ ಕಥೆ ಯಾವಾಗ ಬರುತ್ತದೆಂದು ಗಡಿಯಾರ ನೋಡಿ ಹೇಳಬಹುದು. ಹಾರ, ಶಾಲು, ಹಣ್ಣಿನ ಬುಟ್ಟಿ ಮುಗಿದಿರುತ್ತವೆ. ಅಭಿನಂದನಾ ಭಾಷಣ ಅರ್ಧ ದಾಟಿರುತ್ತದೆ. ಭಾಷಣಕಾರರು ಮುಂದಿನ ಸಾಲಿನಲ್ಲಿ ಕೂತ ವಿದ್ವಾಂಸರ ಪತ್ನಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಶುರು ಮಾಡುತ್ತಾರೆ. ಮಿಥಿಲೆಯ ವಾಚಸ್ಪತಿ ಮಿಶ್ರರು ಶಂಕರರ ಬ್ರಹ್ಮಸೂತ್ರ ಭಾಷ್ಯಕ್ಕೆ ವ್ಯಾಖ್ಯಾನ ಬರೆಯಲು ಕೂತರಂತೆ. ವರ್ಷಗಳು ಉರುಳಿದವು. ಮದುವೆಯಾದದ್ದೇ ಮರೆತುಹೋಯಿತು. ಗ್ರಂಥ ಮುಗಿದ ರಾತ್ರಿ ದೀಪಕ್ಕೆ ಎಣ್ಣೆ ಹೊಯ್ಯಲು ಬಂದ ಕೈ ನೋಡಿ, ತಲೆ ಎತ್ತಿ, ನೀನು ಯಾರು ಎಂದು ಕೇಳಿದರು. ಆಕೆ ಭಾಮತಿ, ಅವರ ಹೆಂಡತಿ. ಆ ಹೊತ್ತಿಗೆ ಇಬ್ಬರ ತಲೆಯೂ ನರೆತಿತ್ತು, ಮಕ್ಕಳಾಗುವ ಕಾಲ ಕಳೆದಿತ್ತು. ಪಶ್ಚಾತ್ತಾಪದಿಂದ ಆಚಾರ್ಯರು ತಮ್ಮ ಗ್ರಂಥಕ್ಕೆ ‘ಭಾಮತೀ’ ಎಂದೇ ಹೆಸರಿಟ್ಟರು. ಚಪ್ಪಾಳೆ. ಮುಂದಿನ ಸಾಲಿನ ಆ ಅಮ್ಮ ಸೆರಗು ಸರಿಮಾಡಿಕೊಂಡು ನಗುತ್ತಾರೆ.

ಇದು ಐತಿಹ್ಯ. ನಿಜವಾಗಿ ನಡೆಯಿತೇ ಇಲ್ಲವೇ ಎಂಬುದು ನನ್ನ ತಕರಾರಲ್ಲ, ತಕರಾರಿರುವುದು ಆ ಚಪ್ಪಾಳೆಯ ಮೇಲೆ. ಅಷ್ಟು ವರ್ಷ ಎಣ್ಣೆ ಎಲ್ಲಿಂದ ಬಂತು, ಅಕ್ಕಿ ಯಾರು ತಂದರು, ಹಬ್ಬಕ್ಕೆ ತವರಿಗೆ ಹೋದಾಗ ಆಕೆಯನ್ನು ಅಲ್ಲಿಯವರು ಏನೇನು ಕೇಳಿದರು, ಆಕೆ ಏನೆಂದು ಹೇಳಿ ತಪ್ಪಿಸಿಕೊಂಡಳು, ಇದು ಯಾವುದೂ ಕಥೆಯೊಳಗೆ ಇಲ್ಲ. ಪುಸ್ತಕಕ್ಕೆ ಅವಳ ಹೆಸರಿಟ್ಟ ಕೂಡಲೇ ಲೆಕ್ಕ ಚುಕ್ತಾ ಆಯಿತೆಂದು ಸಭೆಗೆ ಸಮಾಧಾನ. ನಮ್ಮ ಪುಸ್ತಕಗಳ ಅರಿಕೆಯ ಪುಟದ ಕೊನೆಯ ಸಾಲಿನಲ್ಲಿ, ಮುದ್ರಕರಿಗೂ ಮುಖಪುಟದ ಕಲಾವಿದರಿಗೂ ಕೃತಜ್ಞತೆ ಸಲ್ಲಿಸಿದ ಮೇಲೆ ಬರುವ ‘ಮನೆಯ ಜವಾಬ್ದಾರಿಯನ್ನೆಲ್ಲ ತಾನೇ ಹೊತ್ತ ನನ್ನ ಶ್ರೀಮತಿ’ ಈ ಭಾಮತಿಯ ಮರಿಮೊಮ್ಮಗಳೇ.

ಆ ಚಪ್ಪಾಳೆಗೆ ಕನ್ನಡದಲ್ಲಿ ದೀರ್ಘವಾದ ಉತ್ತರ ಕೊಟ್ಟ ಪುಸ್ತಕ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’. ಪೂರ್ತಿ ಉತ್ತರವಲ್ಲ. ಎಲ್ಲಿಯವರೆಗೆ ಉತ್ತರ, ಎಲ್ಲಿಂದಾಚೆ ನುಣುಚಿಕೊಳ್ಳುತ್ತದೆ ಎಂಬುದನ್ನು ನೋಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

1965ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ಯಾರನ್ನು ಕೇಳಿದರೂ ನಂಜನಗೂಡಿನ ಕಥೆ ಹೇಳುತ್ತಾರೆ. ಕಪಿಲೆಯಲ್ಲಿ ಕೊಚ್ಚಿಹೋದ ನಂಜುಂಡ ಶ್ರೋತ್ರಿ, ಅವನ ಎಳೆಯ ವಿಧವೆ ಕಾತ್ಯಾಯನಿ, ಧರ್ಮವೇ ಮೈವೆತ್ತಂಥ ಮಾವ ಶ್ರೀನಿವಾಸ ಶ್ರೋತ್ರಿ. ಓದಲು ಮೈಸೂರಿಗೆ ಹೋಗುವ ಸೊಸೆ ಅಲ್ಲಿ ಇಂಗ್ಲಿಷ್ ಅಧ್ಯಾಪಕ ರಾಜಾರಾಯನನ್ನು ಮೆಚ್ಚಿ ಮದುವೆಯಾಗುವುದು, ಮಗ ಚೀನಿಯನ್ನು ಮಾವನ ಮನೆಯಲ್ಲೇ ಬಿಟ್ಟು ಬರುವುದು. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಸೇರಿ ನಿರ್ದೇಶಿಸಿದ ಸಿನಿಮಾ ನೋಡಿದವರ ನೆನಪಿನಲ್ಲೂ ಉಳಿದದ್ದು ಅದೇ. ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದದ್ದೂ ಅದನ್ನೇ.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಪತ್ರಿಕೆಗಳ ತುಂಬ ಅವರ ಪರ ವಿರೋಧದ ಹಳೆಯ ಜಗಳಗಳೇ ಇನ್ನೊಮ್ಮೆ ಹೊರಬಂದವು. ಅವನ್ನು ಬದಿಗಿಟ್ಟು ನಾನು ‘ವಂಶವೃಕ್ಷ’ವನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ನಂಜನಗೂಡಿನಲ್ಲಿ ಮನಸ್ಸು ನಿಲ್ಲಲಿಲ್ಲ. ಮೈಸೂರಿನ ಇನ್ನೊಂದು ಮನೆಗೇ ಹೋಗಿ ಕೂತಿತು. ಅದು ರಾಜಾರಾಯನ ಅಣ್ಣ, ಇತಿಹಾಸದ ಪ್ರಾಧ್ಯಾಪಕ ಡಾ. ಸದಾಶಿವರಾಯರ ಮನೆ.

ಭಾರತೀಯ ಸಂಸ್ಕೃತಿಯ ಚರಿತ್ರೆಯನ್ನು ಸಂಪುಟ ಸಂಪುಟವಾಗಿ, ತಮಗಿಂತ ಹಿಂದೆ ಯಾರೂ ಬರೆಯದ ಹಾಗೆ ಬರೆಯಬೇಕು. ಸದಾಶಿವರಾಯರಿಗೆ ಇರುವುದು ಈ ಒಂದೇ ಆಸೆ. ದುಡ್ಡಿನ ಮೋಹವಿಲ್ಲ, ಪದವಿಯ ಮೋಹವೂ ಅಷ್ಟಕ್ಕಷ್ಟೆ. ಕುಡಿತವಿಲ್ಲ, ಕೈ ಎತ್ತುವ ಚಾಳಿಯಿಲ್ಲ, ಎತ್ತರದ ದನಿಯಲ್ಲಿ ಮಾತಾಡಿದ್ದೂ ಕಡಿಮೆ. ಇಂಥವರಿಗೆ ಹೆಣ್ಣು ಕೊಟ್ಟ ಮಾವ ಊರಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಬಹುದು. ಹೆಂಡತಿ ನಾಗಲಕ್ಷ್ಮಿ ಅಡುಗೆ ಮಾಡುತ್ತಾಳೆ, ಕಾಯುತ್ತಾಳೆ, ಬಡಿಸುತ್ತಾಳೆ. ಅವಳಿಗೆ ಅವರ ಗ್ರಂಥದ ಗಂಧ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವರು ಎಂದೂ ಹಂಗಿಸುವುದೂ ಇಲ್ಲ. ಆ ಮನೆಯ ವಿಪತ್ತು ಇರುವುದು ಈ ಸೌಜನ್ಯದಲ್ಲೇ. ಹಂಗಿಸಿದ್ದರೆ ಅವಳು ತಿರುಗಿ ಮಾತಾಡಬಹುದಿತ್ತು. ಹೊಡೆದಿದ್ದರೆ ನೆರೆಯವರು ಬರುತ್ತಿದ್ದರು. ಗಂಡ ಓದುವ ಕೋಣೆಯಲ್ಲಿದ್ದಾನೆ ಎಂಬುದರ ಮೇಲೆ ಯಾರ ಮುಂದೆ ಹೋಗಿ ದೂರುವುದು?

ಅಲ್ಲಿಗೆ ಸಿಂಹಳದಿಂದ ಕರುಣರತ್ನೆ ಬರುತ್ತಾಳೆ. ಬೌದ್ಧೆ, ಬುದ್ಧಿವಂತೆ, ಸಂಶೋಧನೆಗೆಂದು ರಾಯರ ಶಿಷ್ಯೆಯಾಗಿ ಬಂದವಳು. ಟಿಪ್ಪಣಿ ಮಾಡಿಕೊಳ್ಳುತ್ತಾಳೆ, ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ, ಬರೆದದ್ದನ್ನು ತಿದ್ದುತ್ತಾಳೆ. ಕೆಲಸಕ್ಕೆ ಅವಳಿಲ್ಲದೆ ಆಗದು ಎಂಬುದು ಸ್ವಲ್ಪ ಸ್ವಲ್ಪವಾಗಿ ಬದುಕಿಗೆ ಅವಳಿಲ್ಲದೆ ಆಗದು ಎಂದಾಗುತ್ತದೆ. ರಾಯರು ಅವಳನ್ನು ಮದುವೆಯಾಗುತ್ತಾರೆ. ಕಥೆ ನಡೆಯುವ ಕಾಲದ ಮೈಸೂರಿನಲ್ಲಿ ಕಾನೂನು ಅಡ್ಡ ಬರುವುದಿಲ್ಲ. ಹಿಂದೂ ಗಂಡಸಿನ ಎರಡನೇ ಮದುವೆಗೆ ದೇಶದುದ್ದಕ್ಕೂ ತಡೆ ಹಾಕಿದ ಕಾಯ್ದೆ ಬಂದದ್ದು 1955ರಲ್ಲಿ. ನಾಗಲಕ್ಷ್ಮಿಯನ್ನು ಯಾರೂ ಮನೆಯಿಂದ ಹೊರಹಾಕುವುದಿಲ್ಲ. ಅವಳು ಇದ್ದಲ್ಲೇ ಇರುತ್ತಾಳೆ, ಮಗ ಪೃಥ್ವಿಯ ಜೊತೆ, ಮೈದುನನ ಆಸರೆಯಲ್ಲಿ. ಹೋಗುವವರು ರಾಯರು. ಅದೂ ದೂರವೇನಲ್ಲ, ಅದೇ ಊರಿನ ಇನ್ನೊಂದು ಮನೆಗೆ.

ಈ ಭಾಗವನ್ನು ಬರೆಯುವಾಗ ಭೈರಪ್ಪನವರ ಕೈ ತುಂಬ ಹಿಡಿತದಲ್ಲಿದೆ. ರಾಯರ ವಾದವನ್ನು ಅವರು ಗೇಲಿ ಮಾಡುವುದಿಲ್ಲ. ಬೌದ್ಧಿಕ ಸಾಂಗತ್ಯವಿಲ್ಲದೆ ಇಂಥ ಕೆಲಸ ಆಗದು, ಜೀವನದ ಉದ್ದೇಶವೇ ಆ ಕೆಲಸವಾಗಿರುವಾಗ ಅದಕ್ಕೆ ಬೇಕಾದದ್ದನ್ನು ಪಡೆಯುವುದು ತಪ್ಪಲ್ಲ ಎಂಬ ವಾದ ಅದು. ಓದುತ್ತ ಹೋದರೆ ನಮಗೂ ಒಂದು ಗಳಿಗೆ ಹೌದೆನ್ನಿಸುತ್ತದೆ. ಹಾಗೆನ್ನಿಸಿದ ಮರುಗಳಿಗೆಯೇ ನಾಗಲಕ್ಷ್ಮಿಯ ಅಡುಗೆಮನೆಗೆ ನಮ್ಮನ್ನು ಕರೆದುಕೊಂಡು ಹೋಗಿ ಬಿಡುತ್ತಾರೆ. ಗಂಡಸಿನ ಮಹತ್ವಾಕಾಂಕ್ಷೆ ಮನೆಯನ್ನು ಹೇಗೆ ತಿನ್ನುತ್ತದೆಂಬುದನ್ನು ಕನ್ನಡದಲ್ಲಿ ಇಷ್ಟು ಮೆತ್ತಗೆ, ಹೀಗೆ ಖಳನನ್ನು ಸೃಷ್ಟಿಸದೆ ಹೇಳಿದ ಇನ್ನೊಂದು ಪುಸ್ತಕ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಒಂಟಿಯಾದ ನಾಗಲಕ್ಷ್ಮಿ ರಾಮನಾಮ ಬರೆಯಲು ಶುರು ಮಾಡುತ್ತಾಳೆ.

ಈ ಒಂದು ವಿವರದ ಮುಂದೆ ನಾನು ಈ ಸಲ ಬಹಳ ಹೊತ್ತು ನಿಂತೆ. ಹಿಂದೆ ಓದಿದಾಗ ಇದನ್ನು ಭಕ್ತಿ ಎಂದುಕೊಂಡು ಪುಟ ತಿರುಗಿಸಿದ್ದೆ. ಹಳೆಯ ಕಾಲದ ಹೆಂಗಸು, ಗಂಡ ಕೈಬಿಟ್ಟ, ದೇವರು ಸಿಕ್ಕಿದ, ಅಷ್ಟೆ. ಈಗ ಕಂಡದ್ದು ಬೇರೆ. ಊರಿನ ಒಂದು ಮನೆಯಲ್ಲಿ ಗಂಡ ಬರೆಯುತ್ತಿದ್ದಾನೆ, ಇನ್ನೊಂದು ಮನೆಯಲ್ಲಿ ಹೆಂಡತಿಯೂ ಬರೆಯುತ್ತಿದ್ದಾಳೆ. ಇಬ್ಬರದೂ ಮುಗಿಯದ ಬರಹ. ಇಬ್ಬರೂ ಬೆನ್ನು ಬಗ್ಗಿಸಿ, ಕಣ್ಣು ಸೋಲುವವರೆಗೆ, ದಿನ ತಪ್ಪಿಸದೆ ಬರೆಯುತ್ತಾರೆ. ಅವನ ಸಂಪುಟಗಳಲ್ಲಿ ಒಂದು ವಾಕ್ಯದ ಹಾಗೆ ಇನ್ನೊಂದಿಲ್ಲ. ಅವಳ ಪುಸ್ತಕದಲ್ಲಿ ಎರಡನೆಯ ಪದವೇ ಇಲ್ಲ.

ರಾಮನಾಮ ಬರೆಯುವುದು ನಮ್ಮ ಕಡೆ ಹೊಸದೇನಲ್ಲ. ಚೌಕಳಿ ಹಾಕಿದ ರಾಮಕೋಟಿ ಪುಸ್ತಕಗಳು ದೇವಸ್ಥಾನದ ಎದುರಿನ ಅಂಗಡಿಗಳಲ್ಲಿ ಕುಂಕುಮ ಕರ್ಪೂರದ ಪಕ್ಕದಲ್ಲೇ ಸಿಗುತ್ತವೆ. ಒಂದು ಚೌಕಕ್ಕೆ ಒಂದು ನಾಮ. ಬರೆಯುವಾಗ ಮಾತಾಡಬಾರದು, ಮುಗಿಸದೆ ಏಳಬಾರದು ಎಂದು ಕೆಲವರ ನಿಯಮ. ಕೋಟಿ ಎನ್ನುವುದು ಬಾಯಿಮಾತಿಗೆ ಸುಲಭ. ದಿನಕ್ಕೆ ಸಾವಿರದಂತೆ ಒಂದು ದಿನವೂ ಬಿಡದೆ ಬರೆದರೆ ಹತ್ತು ಸಾವಿರ ದಿನ ಬೇಕು, ಅಂದರೆ 27 ವರ್ಷ ದಾಟುತ್ತದೆ. ಯಾವ ಸಂಶೋಧಕನ ಯೋಜನೆ ಇಷ್ಟು ದೀರ್ಘದ್ದು? ಯಾವ ವಿಶ್ವವಿದ್ಯಾಲಯ ಇದಕ್ಕೆ ರಜೆ ಕೊಟ್ಟೀತು?

ನನ್ನ ದೊಡ್ಡಮ್ಮ ಬರೆಯುತ್ತಿದ್ದರು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಅವರ ಮನೆ. ದೊಡ್ಡಪ್ಪ ಹಳಗನ್ನಡದ ವ್ಯಾಕರಣದ ಮೇಲೆ ಕೆಲಸ ಮಾಡುತ್ತಿದ್ದವರು. ಬೇಸಿಗೆ ರಜೆಗೆ ಹೋದ ನಮಗೆ ಬಾಗಿಲಲ್ಲೇ ಸಿಗುತ್ತಿದ್ದ ಮೊದಲ ಮಾತು ‘ಸದ್ದು ಮಾಡ್ಬೇಡ್ರೋ, ದೊಡ್ಡಪ್ಪ ಬರೀತಿದಾರೆ’. ಆ ಮನೆಯಲ್ಲಿ ಒಗ್ಗರಣೆ ಕೂಡ ಮೆಲ್ಲಗೆ ಸಿಡಿಯುತ್ತಿತ್ತು. ಕುಕ್ಕರು ಕೂಗಿದರೆ ಓದುವ ಕೋಣೆಗೆ ಕೇಳುತ್ತದೆಂದು ದೊಡ್ಡಮ್ಮ ಕೊನೆಯವರೆಗೂ ತಪ್ಪಲೆಯಲ್ಲೇ ಬೇಳೆ ಬೇಯಿಸಿದರು. ದೊಡ್ಡಪ್ಪನ ಉಲ್ಲೇಖದ ಚೀಟಿಗಳಿಗೆ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬದಿ ಮೇಲೆ ಬರುವ ಹಾಗೆ ಜೋಡಿಸಿ, ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟುಕೊಡುತ್ತಿದ್ದವರೂ ಅವರೇ. ಒಂದು ಬದಿಯಲ್ಲಿ ಯಾವುದೋ ಶಾಸನದ ಷಷ್ಠಿ ವಿಭಕ್ತಿಯ ರೂಪ, ತಿರುಗಿಸಿದರೆ ಯಾರದೋ ಮದುವೆಯ ಮುಹೂರ್ತ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ದೊಡ್ಡಮ್ಮ ನಡುಮನೆಯ ಕಂಬಕ್ಕೆ ಒರಗಿ ತಮ್ಮ ಪುಸ್ತಕ ತೆಗೆಯುತ್ತಿದ್ದರು. ಅವರು ಬರೆಯುವಾಗ ಮಾತ್ರ ನಮಗೆ ಯಾರೂ ಸದ್ದು ಮಾಡಬೇಡಿ ಎನ್ನುತ್ತಿರಲಿಲ್ಲ.

ಟಾಲ್‌ಸ್ಟಾಯ್‌ನ ಹೆಂಡತಿ ಸೋಫಿಯಾ ಗಂಡನ ಕಾದಂಬರಿಗಳ ಕರಡನ್ನು ಮತ್ತೆ ಮತ್ತೆ ಕೈಯಾರೆ ನಕಲು ಮಾಡಿದಳು. ಜೊತೆಗೆ ತನ್ನದೇ ದಿನಚರಿಯನ್ನೂ ಬರೆದಿಟ್ಟಳು. ಅದು ಅಚ್ಚಾಗಿದೆ, ಆ ಮಹಾತ್ಮನ ಊಟದ ಮೇಜಿನಲ್ಲಿ ಏನು ನಡೆಯುತ್ತಿತ್ತೆಂದು ಇವತ್ತು ಯಾರು ಬೇಕಾದರೂ ಓದಬಹುದು. ನಾಗಲಕ್ಷ್ಮಿಗೆ ಅಕ್ಷರ ಗೊತ್ತು, ಆದರೆ ತನ್ನ ಮಾತು ಬರೆಯಬಹುದೆಂದು ಗೊತ್ತಿಲ್ಲ. ಬರೆಯಬೇಕೆಂಬ ಒತ್ತಡ ಮಾತ್ರ ಮೈಯೊಳಗೆ ಇದೆ. ಅದು ಅವಳಿಗೆ ಅನುಮತಿಯಿದ್ದ ಒಂದೇ ಪದದ ರೂಪದಲ್ಲಿ ಹೊರಬರುತ್ತದೆ. ಅವಳ ಪುಸ್ತಕದ ಪ್ರತಿ ಚೌಕದಲ್ಲೂ ಹೇಳದೆ ಬಿಟ್ಟ ಮಾತೊಂದಿದೆ ಎಂದು ನಾನು ಓದುತ್ತೇನೆ. ಭೈರಪ್ಪನವರು ಹಾಗೆ ಓದುತ್ತಾರೆಯೇ? ನನಗೆ ಅನುಮಾನ. ಅವರ ಬರವಣಿಗೆಯಲ್ಲಿ ರಾಮನಾಮ ಅವಳಿಗೆ ಕೊಟ್ಟ ಶಾಂತಿಗೇ ಹೆಚ್ಚು ತೂಕ. ಅನ್ಯಾಯಕ್ಕೊಂದು ಪರಿಹಾರ ಸಿಕ್ಕಿತೆಂಬ ಸಮಾಧಾನವನ್ನು ಅವರು ಓದುಗನ ಕೈಗೂ ಕೊಡುತ್ತಾರೆ, ಸದ್ದಿಲ್ಲದೆ ರಾಯರ ಕೈಗೂ ಕೊಡುತ್ತಾರೆ. ಭಾಮತಿಗೆ ಪುಸ್ತಕದ ಹೆಸರು ಸಿಕ್ಕಿತು, ನಾಗಲಕ್ಷ್ಮಿಗೆ ರಾಮ ಸಿಕ್ಕಿದ. ಇಬ್ಬರಿಗೂ ಗಂಡನಿಂದ ಬರಬೇಕಾದದ್ದು ಬರಲಿಲ್ಲ.

ಕರುಣರತ್ನೆಯ ಬಗ್ಗೆ ವಿಮರ್ಶಕರು ಹೆಚ್ಚು ಬರೆದಂತಿಲ್ಲ. ಎರಡನೆಯ ಹೆಂಡತಿಯ ಮೇಲೆ ಕರುಣೆ ತೋರುವುದು ನಮ್ಮ ಸಂಸ್ಕಾರದಲ್ಲಿ ಕಷ್ಟವೋ ಏನೋ. ನನಗೆ ಕಾಣುವಂತೆ ಹೆಚ್ಚು ಬೆಲೆ ತೆತ್ತವಳು ಅವಳೇ. ನಾಗಲಕ್ಷ್ಮಿ ಕಳೆದುಕೊಂಡದ್ದು ಗಂಡನನ್ನು. ಕರುಣರತ್ನೆ ಬಿಟ್ಟುಬಂದದ್ದು ದೇಶ, ತಂದೆತಾಯಿ, ತನ್ನ ಜನ, ಮತ್ತು ಯಾರೂ ಎಣಿಕೆಗೆ ತೆಗೆದುಕೊಳ್ಳದ ಇನ್ನೊಂದನ್ನು: ತಾನೇ ಒಬ್ಬ ವಿದ್ವಾಂಸೆಯಾಗುವ ಸಾಧ್ಯತೆಯನ್ನು. ಅವಳೂ ಸಂಶೋಧನೆಗೆಂದೇ ಕಡಲು ದಾಟಿ ಬಂದವಳು, ಅವಳಿಗೂ ಆಕಾಂಕ್ಷೆಯಿತ್ತು. ಅದು ಗುರುವಿನ ಆಕಾಂಕ್ಷೆಯ ಹೊಳೆಗೆ ಬಂದು ಸೇರಿದ ಹಳ್ಳದ ಹಾಗಾಯಿತು. ಸೇರಿದ ಮೇಲೆ ಯಾವ ನೀರು ಯಾವುದು ಎಂದು ಹೇಳುವವರಾರು? ಸಂಪುಟಗಳಲ್ಲಿ ಎಷ್ಟು ಪುಟ ಅವಳ ಕೈಬರಹ, ಎಷ್ಟು ವಿಚಾರ ಅವಳದು? ಕಾದಂಬರಿ ಇದನ್ನು ಸಮರ್ಪಣೆ ಎಂದು ಕರೆಯುತ್ತದೆ. ಸಂಶೋಧಕಿಯೊಬ್ಬಳು ಇಂದು ಅದೇ ಪುಟಗಳನ್ನು ಓದಿದರೆ ಬೇರೆ ಪದ ಹುಡುಕಾಳು.

ಅವಳು ಮಗುವಿಲ್ಲದೆಯೇ ಉಳಿಯುತ್ತಾಳೆ. ವಂಶವೃಕ್ಷ ಎಂಬ ಹೆಸರಿನ ಪುಸ್ತಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಗ್ರಂಥವೇ ಸಂತಾನ ಎಂಬ ಮಾತು ಗಂಡಸರ ಬಾಯಲ್ಲಿ ಯಾವಾಗಲೂ ಚೆನ್ನಾಗಿ ಕೇಳುತ್ತದೆ. ರಾಯರಿಗೆ ಹಾಗೆ ಅನ್ನಿಸಿದರೆ ಅನ್ನಿಸಲಿ, ಅವರಿಗೆ ಈಗಾಗಲೇ ಒಬ್ಬ ಪೃಥ್ವಿ ಇದ್ದಾನೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ‘ವಂಶವೃಕ್ಷ’ದಲ್ಲಿ ಎರಡು ಮಹಾ ಆಕಾಂಕ್ಷೆಗಳಿವೆ. ಒಂದು ಸದಾಶಿವರಾಯರ ಗ್ರಂಥ. ಇನ್ನೊಂದಕ್ಕೆ ಆಕಾಂಕ್ಷೆ ಎಂಬ ಹೆಸರೇ ಇಲ್ಲ, ಧರ್ಮ ಎನ್ನುತ್ತಾರೆ: ಶ್ರೀನಿವಾಸ ಶ್ರೋತ್ರಿಯರು ವಂಶದ ಶುದ್ಧಿಯನ್ನು, ತಲೆಮಾರುಗಳ ಹೆಸರನ್ನು ಕಾಪಾಡಲು ಇಟ್ಟ ಪಣ. ಅದಕ್ಕೂ ಮನೆ ಬೆಲೆ ತೆರುತ್ತದೆ. ಹೆಂಡತಿ ಭಾಗೀರಥಮ್ಮ, ಮನೆಯಲ್ಲೇ ಬೆಳೆದ ಲಕ್ಷ್ಮಿ, ಸೊಸೆ ಕಾತ್ಯಾಯನಿ, ತಾಯಿಯಿಲ್ಲದೆ ಬೆಳೆದ ಚೀನಿ, ಒಬ್ಬೊಬ್ಬರೂ ಒಂದೊಂದು ಪಾಲು. ಶ್ರೋತ್ರಿಯರೂ ತಮ್ಮ ಪಾಲನ್ನು ಕಟ್ಟುತ್ತಾರೆ, ದೇಹದ ಆಸೆಯನ್ನು ಗಂಟಲಲ್ಲೇ ನುಂಗುತ್ತಾರೆ. ಅಷ್ಟೆಲ್ಲ ಆದ ಮೇಲೆ, ಮುಪ್ಪಿನಲ್ಲಿ, ಕಾದಂಬರಿಕಾರರು ಅವರ ಕಾಲ ಕೆಳಗಿನ ನೆಲವನ್ನೇ ಎಳೆಯುತ್ತಾರೆ. ತಾನು ಯಾವ ವಂಶವನ್ನು ಕಾಯುತ್ತಿದ್ದೆನೋ ಆ ವಂಶದ ರಕ್ತವೇ ತನ್ನ ಮೈಯಲ್ಲಿಲ್ಲ ಎಂದು ಶ್ರೋತ್ರಿಯರಿಗೆ ತಿಳಿಯುತ್ತದೆ. ಕನ್ನಡ ಕಾದಂಬರಿಯಲ್ಲಿ ಇದಕ್ಕಿಂತ ನಿರ್ದಾಕ್ಷಿಣ್ಯವಾದ ತಿರುವು ಕಡಿಮೆ. ಪಣ ಇಟ್ಟವನನ್ನೇ, ಇಷ್ಟೆಲ್ಲ ಯಾತಕ್ಕೆ ಎಂದು ಕೇಳಿಬಿಡುತ್ತದೆ ಅದು.

ರಾಯರ ಸಂಪುಟಗಳಿಗೆ ಇಂಥ ಪರೀಕ್ಷೆಯೇ ಇಲ್ಲ.

ಆ ಪುಸ್ತಕಗಳು ಒಳ್ಳೆಯವೇ? ಯಾರು ಓದಿದರು? ಇಬ್ಬರು ಹೆಂಗಸರ ಬದುಕಿನ ಮೇಲೆ ಎದ್ದು ನಿಂತ ಆ ಚರಿತ್ರೆಯಲ್ಲಿ ಗೃಹಸ್ಥಾಶ್ರಮದ ಬಗ್ಗೆ ಏನು ಬರೆದಿತ್ತು? ಭಾರತೀಯ ಸಂಸ್ಕೃತಿಯ ಚರಿತ್ರೆ ಎಂದ ಮೇಲೆ ಆ ಅಧ್ಯಾಯ ಇದ್ದೇ ಇರಬೇಕಲ್ಲ. ಅದನ್ನು ಹೇಳಿ ಬರೆಸುತ್ತ ರಾಯರ ನಾಲಿಗೆ ಒಮ್ಮೆಯಾದರೂ ತೊದಲಿತೇ? ಬರೆದುಕೊಳ್ಳುತ್ತಿದ್ದ ಕರುಣರತ್ನೆ ಪೆನ್ನು ಎತ್ತಿ ಅವರ ಮುಖ ನೋಡಿದಳೇ? ಆ ಒಂದು ದೃಶ್ಯ ಇದ್ದಿದ್ದರೆ ಈ ಕಾದಂಬರಿ ಇನ್ನೊಂದು ಮಜಲಿಗೆ ಏರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಭೈರಪ್ಪನವರಿಗೆ ರಾಯರ ವೈವಾಹಿಕ ನಡತೆಯ ಬಗ್ಗೆ ಪ್ರಶ್ನೆಗಳಿವೆ. ಗ್ರಂಥದ ಬಗ್ಗೆ ಇಲ್ಲ. ಜ್ಞಾನ ಪವಿತ್ರ, ಅದನ್ನು ತಂದ ಮನುಷ್ಯ ದುರ್ಬಲ ಎಂದು ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಇಡುತ್ತಾರೆ. ಶ್ರೋತ್ರಿಯರಿಗೆ ಈ ರಿಯಾಯಿತಿ ಇರಲಿಲ್ಲ. ಸ್ವತಃ ಪ್ರಾಧ್ಯಾಪಕರೂ ತತ್ತ್ವಶಾಸ್ತ್ರದ ಸಂಶೋಧಕರೂ ಆಗಿದ್ದ ಲೇಖಕರು ವೈದಿಕನಿಗೆ ಕೊಡದ ವಿನಾಯಿತಿಯನ್ನು ವಿದ್ವಾಂಸನಿಗೆ ಕೊಟ್ಟರೇ ಎಂಬ ಅನುಮಾನವನ್ನು ನಾನು ಅದುಮಿಡಲಾರೆ.

ಕಾತ್ಯಾಯನಿಯ ಲೆಕ್ಕ ಇನ್ನೂ ಕಟುವಾದದ್ದು. ಇಡೀ ಪುಸ್ತಕದಲ್ಲಿ ಅತಿ ಚಿಕ್ಕ ಆಸೆ ಅವಳದು. ಬಿ.ಎ. ಓದಬೇಕು, ಮೆಚ್ಚಿದವನ ಜೊತೆ ಸಂಸಾರ ಮಾಡಬೇಕು. ಚರಿತ್ರೆ ಬರೆಯಬೇಕೆಂದೋ ವಂಶ ಉಳಿಸಬೇಕೆಂದೋ ಹೊರಟವಳಲ್ಲ. ಅವಳಿಗೆ ಗರ್ಭಪಾತ, ಅಪರಾಧದ ಕೊರಗು, ಕೊನೆಗೆ ಸಾವು. ದೊಡ್ಡ ಆಸೆಯವರು ದುಃಖಿಗಳಾಗುತ್ತಾರೆ, ಸಣ್ಣ ಆಸೆಯವಳು ಸಾಯುತ್ತಾಳೆ. ಇದು ಬದುಕಿನ ನ್ಯಾಯವೋ ಕಾದಂಬರಿಕಾರನ ನ್ಯಾಯವೋ ಎಂಬ ಜಗಳ ಇನ್ನೂ ನಡೆಯುತ್ತಿದೆ, ನಾನು ಅದಕ್ಕೆ ಇಲ್ಲಿ ಮತ್ತೆ ಸೌದೆ ಇಡುವುದಿಲ್ಲ.

ಐದು ವರ್ಷಗಳ ನಂತರ, 1970ರಲ್ಲಿ, ಅದೇ ಲೇಖಕರು ‘ಗೃಹಭಂಗ’ ಬರೆದರು. ಎರಡನ್ನೂ ಒಟ್ಟಿಗೆ ಓದಿದರೆ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಿ ಮನೆ ಮುರಿಯುವುದು ಚೆನ್ನಿಗರಾಯನ ಸೋಮಾರಿತನದಿಂದ. ಅವನಿಗೆ ಹೊಟ್ಟೆ ಬಿಟ್ಟು ಬೇರೆ ಆಕಾಂಕ್ಷೆಯೇ ಇಲ್ಲ. ಇಲ್ಲಿ ಮನೆ ಮುರಿಯುವುದು ರಾಯರ ದುಡಿಮೆಯಿಂದ. ಎರಡು ಮನೆಯಲ್ಲೂ ಹೆಂಗಸು ಬರೆಯುತ್ತ ಕೂತಿದ್ದಾಳೆ. ಗಂಡನ ಹೆಸರಿನ ಶಾನುಭೋಗಿಕೆಯ ಲೆಕ್ಕವನ್ನೆಲ್ಲ ಬರೆಯುವವಳು ನಂಜಮ್ಮ. ಜಮಾಬಂದಿಗೆ ಹೊತ್ತುಕೊಂಡು ಹೋಗಿ ಶಾನುಭೋಗ ಎನ್ನಿಸಿಕೊಳ್ಳುವವನು ಅವನು. ನಂಜಮ್ಮನ ಲೆಕ್ಕ, ನಾಗಲಕ್ಷ್ಮಿಯ ನಾಮ, ಕರುಣರತ್ನೆಯ ಟಿಪ್ಪಣಿ. ಭೈರಪ್ಪನವರ ಹೆಂಗಸರ ಕೈಯಲ್ಲಿ ಇಷ್ಟೊಂದು ಲೇಖನಿಗಳಿದ್ದವೆಂದು ನಾವು ಯಾಕೆ ಗಮನಿಸಲಿಲ್ಲ?

ಆದರೂ ನಂಜಮ್ಮ ನಮ್ಮ ಎದೆಗೆ ತಟ್ಟುವ ಹಾಗೆ ನಾಗಲಕ್ಷ್ಮಿ ತಟ್ಟುವುದಿಲ್ಲ. ಕಾರಣ ದೂರ ಹುಡುಕಬೇಕಾಗಿಲ್ಲ. ‘ಗೃಹಭಂಗ’ವನ್ನು ಬರೆದದ್ದು ಮಗ. ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಹುಡುಗನೊಬ್ಬನ ಕಣ್ಣು ಆ ಪುಸ್ತಕದ ಹಿಂದೆ ಇದೆ ಎಂಬುದು 1996ರಲ್ಲಿ ಬಂದ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆಲ್ಲ ಗೊತ್ತು. ಮಗ ಬರೆಯುವಾಗ ಅಪ್ಪನಿಗೆ ಕ್ಷಮೆ ಇಲ್ಲ, ಅಮ್ಮನ ಒಂದು ದಿನದ ದುಡಿಮೆಯೂ ಲೆಕ್ಕ ತಪ್ಪುವುದಿಲ್ಲ. ‘ವಂಶವೃಕ್ಷ’ದ ಮನೆಯಲ್ಲೂ ಒಬ್ಬ ಮಗನಿದ್ದ. ಪೃಥ್ವಿ. ಅಪ್ಪ ಅದೇ ಊರಲ್ಲಿದ್ದೂ ಮನೆಗೆ ಬರುವುದಿಲ್ಲ, ಅಮ್ಮ ಮಧ್ಯಾಹ್ನವೆಲ್ಲ ಒಂದೇ ಪದ ಬರೆಯುತ್ತಾಳೆ, ಶಾಲೆಯಲ್ಲಿ ಯಾರಾದರೂ ನಿಮ್ಮಪ್ಪ ಎಲ್ಲಿ ಎಂದರೆ ಹೇಳಬೇಕು. ಆ ಹುಡುಗ ಏನು ನೋಡಿದ? ಕಾದಂಬರಿ ಅವನ ಹತ್ತಿರ ಹೋಗಿ ಕೂರುವುದೇ ಇಲ್ಲ. ಸಂಪುಟಗಳ ನಿಜವಾದ ವಿಮರ್ಶೆ ಬರೆಯಬಲ್ಲವನು ಅವನೊಬ್ಬನೇ ಆಗಿದ್ದ.

ಬಹಳ ವರ್ಷಗಳ ಮೇಲೆ ‘ಮಂದ್ರ’ದಲ್ಲಿ ಭೈರಪ್ಪನವರು ಇದೇ ಪ್ರಶ್ನೆಗೆ ಮರಳಿದರು. ಅದಕ್ಕೆ 2010ರ ಸರಸ್ವತಿ ಸಮ್ಮಾನ್ ಬಂತು. ಅಲ್ಲಿಯ ಮೋಹನಲಾಲ ಮಹಾ ಗಾಯಕ, ಮನುಷ್ಯನಾಗಿ ನೀಚ. ಹೆಂಡತಿ, ಮಕ್ಕಳು, ಶಿಷ್ಯೆಯರು ಎಲ್ಲರನ್ನೂ ರಾಗದ ಹೆಸರಿನಲ್ಲಿ ಉಜ್ಜಿ ಎಸೆಯುತ್ತಾನೆ. ಕಲೆಯ ಎತ್ತರ ಕಲಾವಿದನ ನಡತೆಯನ್ನು ಮನ್ನಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅಲ್ಲಿ ಬಚ್ಚಿಡದೆ ಕೇಳಿದ್ದಾರೆ. ಗ್ರಂಥಕ್ಕೆ ಇಡದ ಪರೀಕ್ಷೆಯನ್ನು ಸಂಗೀತಕ್ಕೆ ಇಟ್ಟಿದ್ದಾರೆ. ಆದರೆ ಮೋಹನಲಾಲನನ್ನು ದೂರುವುದು ಸುಲಭ. ಅವನನ್ನು ನೋಡಿ ನಾನು ಹೀಗಿಲ್ಲವಲ್ಲ ಎಂದು ಯಾವ ಗಂಡಸಾದರೂ ಪುಸ್ತಕ ಮುಚ್ಚಿ ನಿದ್ದೆ ಹೋಗಬಹುದು. ಸದಾಶಿವರಾಯರನ್ನು ನೋಡಿ ಹಾಗೆ ನಿದ್ದೆ ಹೋಗುವುದು ಕಷ್ಟ. ಅದಕ್ಕೇ ಇಷ್ಟೆಲ್ಲ ತಕರಾರಿನ ನಂತರವೂ, ಒಂದನ್ನೇ ಆರಿಸು ಎಂದರೆ, ನಾನು ‘ಮಂದ್ರ’ವನ್ನು ಬಿಟ್ಟು ‘ವಂಶವೃಕ್ಷ’ದ ಆ ಮೈಸೂರಿನ ಪುಟಗಳನ್ನೇ ಆರಿಸುತ್ತೇನೆ. ಮನೆ ಹಾಳಾಗಲು ಕೆಟ್ಟವರೇ ಬೇಕಾಗಿಲ್ಲ ಎಂಬುದನ್ನು ಅವು ಮುಲಾಜಿಲ್ಲದೆ ತೋರಿಸಿವೆ.

ದೊಡ್ಡಪ್ಪ ತಮ್ಮ ಕೆಲಸವನ್ನು ಮುಗಿಸಲಿಲ್ಲ. ಮುಗಿದಷ್ಟು ಎರಡು ಭಾಗಗಳಾಗಿ ಅಚ್ಚಾಯಿತು. ಗ್ರಂಥಾಲಯವೊಂದರಲ್ಲಿ ಒಮ್ಮೆ ಆ ಪುಸ್ತಕ ಕಣ್ಣಿಗೆ ಬಿದ್ದಾಗ ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ ನೋಡಿದೆ. ಮೂರು ತಾರೀಖಿನ ಮೊಹರು ಇತ್ತು. ಒಳಗೆ ಅರಿಕೆಯ ಪುಟದ ಕೊನೆಯಲ್ಲಿ ದೊಡ್ಡಮ್ಮನೂ ಇದ್ದರು, ಹೆಸರಿನಿಂದಲ್ಲ, ಶ್ರೀಮತಿ ಎಂದು.

ಅವರಿಬ್ಬರೂ ಹೋದ ಮೇಲೆ ಮನೆ ಖಾಲಿ ಮಾಡುವಾಗ ರಾಮನಾಮದ ಪುಸ್ತಕಗಳ ಕಟ್ಟು ಅಟ್ಟದಲ್ಲಿ ಸಿಕ್ಕಿತು. ಬರೆದು ಮುಗಿಸಿದ್ದನ್ನು ದೇವಸ್ಥಾನಕ್ಕೆ ಒಪ್ಪಿಸುವುದು ಅಥವಾ ಹೊಳೆಗೆ ಬಿಡುವುದು ರೂಢಿ. ದೊಡ್ಡಮ್ಮ ಯಾಕೆ ಇಟ್ಟುಕೊಂಡಿದ್ದರೋ ತಿಳಿಯದು. ನನ್ನ ಅಣ್ಣ ಗಾಡಿ ಬರುತ್ತದೆ, ಬೇಗ ಬೇಗ ಎನ್ನುತ್ತಿದ್ದ. ನಾನು ಒಂದನ್ನು ಬಿಡಿಸಿದೆ. ನೀಲಿ ಶಾಯಿ, ಒಂದೇ ಅಳತೆಯ ದುಂಡು ಅಕ್ಷರ, ಪುಟದಿಂದ ಪುಟಕ್ಕೆ ಒಂದಿಷ್ಟೂ ಬದಲಾವಣೆ ಇಲ್ಲ. ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಪೆನ್ಸಿಲಿನಲ್ಲಿ ಬೇರೆ ಬರಹ. ‘ಕಾಗದದಂಗಡಿ, ಬಿಳಿ ಹಾಳೆ ಎರಡು ದಸ್ತು.’ ‘ಇವರಿಗೆ ಕನ್ನಡಕ ರಿಪೇರಿ.’ ‘ಮಕ್ಕಳು ಊರಿಗೆ ಹೊರಟರು.’ ಇನ್ನೊಂದು ಪುಟದಲ್ಲಿ ಅರ್ಧ ಚೌಕಗಳು ಹಾಗೇ ಖಾಲಿ ಉಳಿದಿದ್ದವು, ಪಕ್ಕದಲ್ಲಿ ‘ಜ್ವರ’ ಎಂದಿತ್ತು. ಯಾರಿಗೆ ಎಂದು ಬರೆದಿರಲಿಲ್ಲ. ಕೊನೆಯ ಪುಸ್ತಕದ ಕೊನೆಯ ಬರೆದ ಪುಟದಲ್ಲಿ, ಮೂಲೆಯಲ್ಲಿ, ‘ಹಾಲಿನವನಿಗೆ ಬಾಕಿ 4-50’.